ಯಾವ ಧಾರಾವಾಹಿಯನ್ನು ಅತಿ ಜಾಸ್ತಿ ನೋಡಿದ್ದೀರಿ? ಲೆಕ್ಕ ಇಡುವುದು ಹೀಗೆ

ಪ್ರಶ್ನೆ: ನನಗೆ 47 ವರ್ಷ. ಚಿಕ್ಕಂದಿನಿಂದ ಟಿವಿ ಅಂದರೆ ಪ್ರಾಣ. ಮೊನ್ನೆ ಮಗಳು ತಾನು ನೋಡಿದ ಸರಣಿಗಳನ್ನೆಲ್ಲ ಗುರುತು ಹಾಕಿಕೊಳ್ಳುವ ಆ್ಯಪ್ ತೋರಿಸಿದಳು. ನನಗೂ ಹಾಗೆ ಲೆಕ್ಕ ಇಡುವ ಆಸೆಯಾಯಿತು. ಆದರೆ ನಾನು ನೋಡಿದ ಕನ್ನಡ ಧಾರಾವಾಹಿಗಳಲ್ಲಿ ಅರ್ಧಕ್ಕರ್ಧ ಅದರಲ್ಲಿ ಸಿಗಲೇ ಇಲ್ಲ. ‘ಮಾಲ್ಗುಡಿ ಡೇಸ್’ ಏಳು ಸಲವಾದರೂ ನೋಡಿದ್ದೇನೆ. ‘ಅಗ್ನಿಸಾಕ್ಷಿ’ ನೋಡಿದ್ದು ಒಂದೇ ಸಲ, ಆದರೆ ಆರು ವರ್ಷ ಹೆಚ್ಚು ಕಡಿಮೆ ದಿನಾ. ಇವೆರಡರಲ್ಲಿ ಯಾವುದನ್ನು ಜಾಸ್ತಿ ನೋಡಿದ್ದೇನೆ ಅಂತ ಬರೆಯಲಿ? ಅಡುಗೆ ಮಾಡುತ್ತಾ ಕಿವಿಗೆ ಬಿದ್ದದ್ದೂ ಲೆಕ್ಕಕ್ಕೆ ಬರುತ್ತಾ? ನಮ್ಮ ಅತ್ತೆಗೆ 78. ‘ನನ್ನದೂ ಬರಿಯೇ’ ಅನ್ನುತ್ತಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆ ಗಂಟು ಹಾಕಿಕೊಂಡಿವೆ. ಒಂದು, ಎಷ್ಟು ಹೊತ್ತು ನೋಡಿದಿರಿ ಅನ್ನುವುದು. ಇನ್ನೊಂದು, ಎಷ್ಟು ಸಲ ತಿರುಗಿ ಅದರ ಹತ್ತಿರ ಹೋದಿರಿ ಅನ್ನುವುದು. ಇವೆರಡನ್ನು ಬಿಡಿಸಿಕೊಂಡರೆ ಉಳಿದದ್ದು ಸಲೀಸು.

ಮೊದಲು ಹೊತ್ತಿನ ಲೆಕ್ಕ ಮಾಡೋಣ. ‘ಅಗ್ನಿಸಾಕ್ಷಿ’ 2013ರ ಡಿಸೆಂಬರ್‌ನಲ್ಲಿ ಶುರುವಾಗಿ 2020ರ ಜನವರಿಯಲ್ಲಿ ಮುಗಿಯಿತು. ಅಂದರೆ ಸುಮಾರು 317 ವಾರ. ವಾರಕ್ಕೆ ಐದು ಕಂತು ಅಂತ ಇಟ್ಟುಕೊಳ್ಳಿ. ನೆಂಟರ ಮನೆ, ಮದುವೆ, ಕರೆಂಟ್ ಹೋದದ್ದು ಎಲ್ಲ ಸೇರಿ ವಾರಕ್ಕೊಂದು ತಪ್ಪಿರುತ್ತದೆ. ಹಾಗಾಗಿ ನಾಲ್ಕು ಅಂತ ಹಿಡಿಯೋಣ. ಸುಮಾರು 1,270 ಕಂತು ಆಯಿತು. ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದರೆ ಕಥೆ ಉಳಿಯುವುದು 20 ನಿಮಿಷದ ಆಸುಪಾಸು. ಒಟ್ಟು 420 ಗಂಟೆ ದಾಟುತ್ತದೆ.

ಈಗ ‘ಮಾಲ್ಗುಡಿ ಡೇಸ್’. ಶಂಕರ್ ನಾಗ್ ನಿರ್ದೇಶಿಸಿದ್ದು 39 ಕಂತು. ಒಂದೊಂದು ಸುಮಾರು 22 ನಿಮಿಷ. ಪೂರ್ತಿ ಒಂದು ಸಲ ನೋಡಲು 14 ಗಂಟೆಯ ಮೇಲೆ ಸ್ವಲ್ಪ ಬೇಕು. ಏಳು ಸಲಕ್ಕೆ 100 ಗಂಟೆ. ಹೊತ್ತಿನ ಲೆಕ್ಕದಲ್ಲಿ ‘ಅಗ್ನಿಸಾಕ್ಷಿ’ ನಾಲ್ಕು ಪಟ್ಟು ಮುಂದಿದೆ. ಆದರೆ ನಿಮ್ಮ ಮನಸ್ಸು ಒಪ್ಪುತ್ತಿಲ್ಲ, ಅದಕ್ಕೇ ತಾನೇ ಕೇಳಿದ್ದೀರಿ? ನಿಮ್ಮ ಮನಸ್ಸು ಹೇಳುವುದೂ ಸರಿಯೇ.

ನಾನು ಇಪ್ಪತ್ತೆಂಟು ವರ್ಷ ಗ್ರಂಥಾಲಯದಲ್ಲಿ ಕೆಲಸ ಮಾಡಿದವಳು. ಪುಸ್ತಕದ ಹಿಂದಿನ ಪುಟದಲ್ಲಿ ತಾರೀಖಿನ ಚೀಟಿ ಅಂಟಿಸಿರುತ್ತಿದ್ದೆವು, ನಿಮಗೂ ನೆನಪಿರಬೇಕು. ದಪ್ಪ ಕಾದಂಬರಿಯೊಂದನ್ನು ಒಬ್ಬರು ಒಯ್ದು ಎರಡು ತಿಂಗಳು ಇಟ್ಟುಕೊಳ್ಳುತ್ತಿದ್ದರು. ಚೀಟಿಯ ಮೇಲೆ ಬೀಳುತ್ತಿದ್ದದ್ದು ಒಂದೆರಡು ಮುದ್ರೆ. ತೆಳ್ಳನೆಯ ಕಥೆ ಪುಸ್ತಕವೊಂದನ್ನು ಅದೇ ಓದುಗರು ವರ್ಷಕ್ಕೊಂದು ಸಲ ಒಯ್ಯುತ್ತಿದ್ದರು. ಅದರ ಚೀಟಿ ತುಂಬಿ ಇನ್ನೊಂದು ಅಂಟಿಸಬೇಕಾಗುತ್ತಿತ್ತು. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಿದರೆ ಎರಡಕ್ಕೂ ಅನ್ಯಾಯ. ದಿನದ ಧಾರಾವಾಹಿ ನಿಮ್ಮ ಜೊತೆ ಒಂದೇ ಮನೆಯಲ್ಲಿ ಇದ್ದ ಹಾಗೆ. ‘ಮಾಲ್ಗುಡಿ’ ನೀವು ಮತ್ತೆ ಮತ್ತೆ ಹೋಗುವ ಊರು. ಆದ್ದರಿಂದ ಎರಡು ಪಟ್ಟಿ ಮಾಡಿ. ಒಂದಕ್ಕೆ ‘ಗಂಟೆ’ ಅಂತ ಹೆಸರಿಡಿ, ಇನ್ನೊಂದಕ್ಕೆ ‘ಸುತ್ತು’ ಅಂತ. ಮೊದಲನೆಯದರಲ್ಲಿ ‘ಅಗ್ನಿಸಾಕ್ಷಿ’ ಮೇಲಿರಲಿ, ಎರಡನೆಯದರಲ್ಲಿ ‘ಮಾಲ್ಗುಡಿ ಡೇಸ್’. ಎರಡನ್ನು ಕೂಡಿಸಿ ಅಂಕ ಕೊಡುವ ಆಸೆಗೆ ಮಾತ್ರ ಬೀಳಬೇಡಿ. ನಾನು ಒಮ್ಮೆ ಹಾಗೆ ಮಾಡಿದ್ದೆ. ಬಂದ ಉತ್ತರ ಯಾವುದನ್ನೂ ಹೇಳುತ್ತಿರಲಿಲ್ಲ.

ಇನ್ನು ‘ಒಂದು’ ಅಂದರೆ ಏನು ಅಂತ ಗೊತ್ತುಮಾಡಿಕೊಳ್ಳಬೇಕು. ಲೆಕ್ಕ ಕೆಡುವುದು ಇಲ್ಲಿಯೇ.

‘ಮಾಲ್ಗುಡಿ ಡೇಸ್’ ಅನ್ನೇ ತೆಗೆದುಕೊಳ್ಳಿ. ಬಹಳ ಕಡೆ 54 ಕಂತು ಅಂತ ಬರೆದಿರುತ್ತಾರೆ. ಅದರಲ್ಲಿ 39 ಮಾತ್ರ ಶಂಕರ್ ನಾಗ್ ಅವರದು, 1986-87ರಲ್ಲಿ ದೂರದರ್ಶನದಲ್ಲಿ ಬಂದದ್ದು. ಉಳಿದ 15 ಕಂತು ಕವಿತಾ ಲಂಕೇಶ್ ನಿರ್ದೇಶಿಸಿದ್ದು, 2006ರಲ್ಲಿ ಬಂತು. ಶಂಕರ್ ನಾಗ್ ತೀರಿಕೊಂಡದ್ದು 1990ರಲ್ಲಿ. ನಡುವೆ ಇಷ್ಟು ವರ್ಷದ ಅಂತರ ಇದೆ. ನೀವು ಏಳು ಸಲ ನೋಡಿದ್ದು ಯಾವುದನ್ನು? ಆಗುಂಬೆಯ ದೊಡ್ಡಮನೆ, ಮಾಸ್ಟರ್ ಮಂಜುನಾಥ್‌ನ ಸ್ವಾಮಿ, ಎಲ್. ವೈದ್ಯನಾಥನ್ ಅವರ ಆ ‘ತಾ ನಾ ನಾ’, ಆರ್.ಕೆ. ಲಕ್ಷ್ಮಣ್ ಬಿಡಿಸಿದ ಚಿತ್ರಗಳು ಕಣ್ಣ ಮುಂದೆ ಬಂದರೆ ಅದು ಆ 39ರ ಗುಂಪು. ಹಾಗಿದ್ದರೆ 54 ಅಂತ ಬರೆಯಬೇಡಿ, 39 ಅಂತಲೇ ಬರೆಯಿರಿ. (ಶಿವಮೊಗ್ಗ ಕಡೆ ಹೋದರೆ ಅರಸಾಳು ರೈಲು ನಿಲ್ದಾಣದಲ್ಲಿ ಇಳಿದು ನೋಡಿ. ಚಿತ್ರೀಕರಣ ನಡೆದ ಆ ಹಳೆಯ ಕಟ್ಟಡವನ್ನು ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಏಳು ಸಲ ನೋಡಿದವರು ಹೋಗದೇ ಇರಬಾರದು.)

ದಿನದ ಧಾರಾವಾಹಿಯಲ್ಲಿ ತೊಡಕು ಬೇರೆ ಥರ. ಹಬ್ಬಕ್ಕೋ ಮದುವೆಯ ದೃಶ್ಯಕ್ಕೋ ಒಂದು ಗಂಟೆಯ ಸಂಚಿಕೆ ಹಾಕುತ್ತಾರೆ. ಎರಡು ಧಾರಾವಾಹಿಗಳನ್ನು ಸೇರಿಸಿ ‘ಮಹಾಸಂಗಮ’ ಮಾಡುತ್ತಾರೆ. ಅದು ಒಂದು ಕಂತೋ ಎರಡೋ? ನಾನು ಅರ್ಧ ಗಂಟೆಯ ಜಾಗವನ್ನು ಒಂದು ಅಂತ ಎಣಿಸುತ್ತೇನೆ. ಒಂದು ಗಂಟೆಯ ಸಂಚಿಕೆಗೆ ಎರಡು. ಮಹಾಸಂಗಮವನ್ನು ಎರಡೂ ಧಾರಾವಾಹಿಗಳಿಗೆ ಸಮ ಹಂಚುತ್ತೇನೆ. ನೀವು ಬೇರೆ ರೀತಿ ಮಾಡಿದರೂ ತಪ್ಪಿಲ್ಲ. ಆದರೆ ಯಾವ ರೀತಿ ಅಂತ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಮೂರು ವರ್ಷ ಆದ ಮೇಲೆ ನಿಮಗೇ ಮರೆತಿರುತ್ತದೆ.

ಹೆಸರಿನ ಜೊತೆ ವರ್ಷ ಬರೆಯಲೇಬೇಕು. ‘ಲಕ್ಷ್ಮೀ ಬಾರಮ್ಮ’ ಅಂತ ಬರೆದರೆ ಸಾಕಾಗುವುದಿಲ್ಲ. 2013ರಲ್ಲಿ ಒಂದು ಶುರುವಾಯಿತು, 2023ರಲ್ಲಿ ಅದೇ ಹೆಸರಿನಲ್ಲಿ ಬೇರೆ ಕಥೆ, ಬೇರೆ ಕಲಾವಿದರು. ‘ಮಹಾಭಾರತ’ ಅಂದರೆ ಬಿ.ಆರ್. ಚೋಪ್ರಾ ಅವರ 1988ರದ್ದೋ, 2013ರಲ್ಲಿ ಹಿಂದಿಯಲ್ಲಿ ಬಂದು 2020ರ ಲಾಕ್‌ಡೌನ್‌ನಲ್ಲಿ ಸ್ಟಾರ್ ಸುವರ್ಣದಲ್ಲಿ ಕನ್ನಡ ಮಾತಾಡಿದ್ದೋ? ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ 1998ರಲ್ಲಿ ಚಂದನದಲ್ಲಿ ಶುರುವಾಯಿತು. ‘ಮತ್ತೆ ಮಾಯಾಮೃಗ’ ಬಂದದ್ದು 2022ರಲ್ಲಿ, ಸಿರಿ ಕನ್ನಡ ಚಾನೆಲ್‌ನಲ್ಲಿ. ಇವೆಲ್ಲ ಬೇರೆ ಬೇರೆ ಸಾಲು. ‘ಪುಟ್ಟಗೌರಿ ಮದುವೆ’ ಮುಂದುವರಿದು ‘ಮಂಗಳಗೌರಿ ಮದುವೆ’ ಆದದ್ದು ಮಾತ್ರ ಕಷ್ಟದ ವಿಷಯ. ಕಥೆ ಒಂದರ ಬಾಲ ಹಿಡಿದು ಇನ್ನೊಂದು ಬಂದಿದೆ. ನಾನು ಎರಡು ಸಾಲು ಮಾಡಿ, ಪಕ್ಕದಲ್ಲಿ ಬಾಣದ ಗುರುತು ಹಾಕಿದ್ದೇನೆ. ಹೆಸರು ಬದಲಾದಾಗ ಎಷ್ಟೋ ಜನ ನೋಡುವುದನ್ನು ಬಿಡುತ್ತಾರೆ, ಎಷ್ಟೋ ಜನ ಹೊಸದಾಗಿ ಸೇರುತ್ತಾರೆ. ಒಂದೇ ಸಾಲಿನಲ್ಲಿ ಬರೆದರೆ ಅದು ಕಾಣುವುದಿಲ್ಲ.

ಈಗ ಆ್ಯಪ್ ವಿಷಯ. ನಿಮ್ಮ ಮಗಳು ತೋರಿಸಿದ್ದು ಯಾವುದೋ ಗೊತ್ತಿಲ್ಲ. ಇಂಥ ಕೆಲವು ಆ್ಯಪ್‌ಗಳು ಧಾರಾವಾಹಿಯ ಮಾಹಿತಿಯನ್ನು ತಾವೇ ಕೂಡಿಸುವುದಿಲ್ಲ. ಬೇರೆ ಕಡೆಯ ದೊಡ್ಡ ಪಟ್ಟಿಯಿಂದ ತೆಗೆದುಕೊಳ್ಳುತ್ತವೆ. ಟ್ರ್ಯಾಕ್ಟ್ ಎಂಬ ಹೆಸರಾಂತ ತಾಣಕ್ಕೆ ಮಾಹಿತಿ ಬರುವುದು ಟಿಎಂಡಿಬಿ ಎಂಬ ಪಟ್ಟಿಯಿಂದ. ಅದನ್ನು ತುಂಬುವವರು ನಮ್ಮ ನಿಮ್ಮಂಥ ನೋಡುಗರು. ಇಂಗ್ಲಿಷ್ ಸರಣಿಯಾದರೆ ಪ್ರಸಾರವಾದ ದಿನವೇ ಯಾರೋ ತುಂಬಿರುತ್ತಾರೆ. ಸಾವಿರ ದಾಟಿದ ಕನ್ನಡ ಧಾರಾವಾಹಿಯ ಕಂತುಗಳನ್ನು ಒಂದೊಂದಾಗಿ ತುಂಬುವಷ್ಟು ತಾಳ್ಮೆ ಇದ್ದವರು ಕಡಿಮೆ. ಅದಕ್ಕೇ ನಿಮಗೆ ಸಿಗಲಿಲ್ಲ.

ಟಿಎಂಡಿಬಿಯಲ್ಲಿ ಖಾತೆ ತೆರೆದರೆ ಇಲ್ಲದ ಧಾರಾವಾಹಿಯನ್ನು ನೀವೇ ಸೇರಿಸಬಹುದು, ದುಡ್ಡು ಬೇಡ. ಕನ್ನಡ ಲಿಪಿಯಲ್ಲೇ ಹೆಸರು ಕೊಡಬಹುದು. ಚಾನೆಲ್, ಶುರುವಾದ ತಾರೀಖು, ಕಲಾವಿದರ ಹೆಸರು ಇಷ್ಟಾದರೂ ಹಾಕಿ. ನನ್ನ ಪ್ರಕಾರ ಇದು ಒಳ್ಳೆಯ ಕೆಲಸ. ಒಂದು ಕಾಲದಲ್ಲಿ ಊರಿಗೆ ಊರೇ ಕೂತು ನೋಡಿದ ಧಾರಾವಾಹಿಯ ಹೆಸರೂ ಹುಡುಕಿದರೆ ಸಿಗಬಾರದು ಅಂದರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಟ್ರ್ಯಾಕ್ಟ್‌ನಲ್ಲಿ ಒಂದೇ ಕಂತನ್ನು ಎರಡನೇ ಸಲ ನೋಡಿದರೆ ಎರಡನೇ ಗುರುತು ಬೇರೆ ತಾರೀಖಿನ ಜೊತೆ ಉಳಿಯುತ್ತದೆ, ನಿಮ್ಮ ‘ಸುತ್ತು’ ಪಟ್ಟಿಗೆ ಇದು ಅನುಕೂಲ. ಮಗಳು ಕೊರಿಯನ್ ಧಾರಾವಾಹಿ ನೋಡುವವಳಾದರೆ ಅವಕ್ಕೆ ಮೈಡ್ರಾಮಾಲಿಸ್ಟ್ ಅಂತ ಬೇರೆಯೇ ಇದೆ.

ಆದರೆ ಆ್ಯಪ್ ಒಂದನ್ನೇ ನಂಬಬೇಡಿ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನಾನು ಒಂದು ಆ್ಯಪ್‌ನಲ್ಲಿ ಎರಡೂವರೆ ವರ್ಷ ಎಲ್ಲ ಗುರುತು ಹಾಕಿಕೊಂಡು ಬಂದಿದ್ದೆ. ನೋಟ್‌ಬುಕ್ ಬರೆಯುವುದನ್ನೇ ಬಿಟ್ಟಿದ್ದೆ. ಒಂದು ದಿನ ಆ್ಯಪ್ ತೆರೆಯಲಿಲ್ಲ. ಸೇವೆ ನಿಲ್ಲಿಸಿದ್ದೇವೆ ಅಂತ ಒಂದು ಸಾಲು ಇತ್ತು, ಅಷ್ಟೇ. ಆ ಎರಡೂವರೆ ವರ್ಷ ನನ್ನ ಲೆಕ್ಕದಲ್ಲಿ ಇವತ್ತಿಗೂ ಖಾಲಿ. ಅಮ್ಮ ಕೊನೆಯ ಸಲ ನನ್ನ ಮನೆಯಲ್ಲಿ ಬಂದು ಇದ್ದದ್ದು ಆ ದಿನಗಳಲ್ಲೇ. ನಾವಿಬ್ಬರೂ ಸಂಜೆ ಕೂತು ಏನೇನು ನೋಡಿದೆವು ಅಂತ ನನಗೆ ಈಗ ಪೂರ್ತಿ ನೆನಪಾಗುವುದಿಲ್ಲ.

ಧಾರಾವಾಹಿ ತೋರಿಸುವ ಆ್ಯಪ್‌ಗಳೂ ಊರು ಬದಲಿಸುತ್ತಲೇ ಇರುತ್ತವೆ. ಕಲರ್ಸ್ ಕನ್ನಡದ ಧಾರಾವಾಹಿಗಳು ಮೊದಲು ವೂಟ್‌ನಲ್ಲಿ ಇದ್ದವು. 2023ರಲ್ಲಿ ಜಿಯೋಸಿನಿಮಾಕ್ಕೆ ಹೋದವು. 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ ಮತ್ತು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಒಂದೇ ಚಾನೆಲ್‌ಗೆ ಎರಡು ವರ್ಷದಲ್ಲಿ ಮೂರು ಮನೆ. ‘ನೋಡುವುದನ್ನು ಮುಂದುವರಿಸಿ’ ಅಂತ ಪರದೆಯ ಮೇಲೆ ಕಾಣುವ ಸಾಲು ನಿಮ್ಮ ದಾಖಲೆ ಅಲ್ಲ. ಅದು ಅವರ ಅನುಕೂಲಕ್ಕೆ ಇರುವುದು.

ಹಾಗಾಗಿ ಸಿಗುವ ಕಡೆಯಿಂದ ನಿಮ್ಮ ಮಾಹಿತಿ ಇಳಿಸಿಕೊಂಡು ಇಟ್ಟುಕೊಳ್ಳಿ. ನೆಟ್‌ಫ್ಲಿಕ್ಸ್ ಇದ್ದರೆ ಕಂಪ್ಯೂಟರ್‌ನಲ್ಲಿ ಖಾತೆಯ ಪುಟಕ್ಕೆ ಹೋಗಿ, ನಿಮ್ಮ ಪ್ರೊಫೈಲ್‌ನಲ್ಲಿ ‘ವ್ಯೂವಿಂಗ್ ಆ್ಯಕ್ಟಿವಿಟಿ’ ತೆರೆಯಿರಿ. ಪುಟದ ತಳದಲ್ಲಿ ‘ಡೌನ್‌ಲೋಡ್ ಆಲ್’ ಇದೆ. ಕಂತಿನ ಹೆಸರು, ತಾರೀಖು ಎರಡೂ ಇರುವ ಫೈಲ್ ಬರುತ್ತದೆ. ಎಕ್ಸೆಲ್‌ನಲ್ಲಿ ತೆರೆದು ಹೆಸರಿನ ಪ್ರಕಾರ ಜೋಡಿಸಿದರೆ ಯಾವುದರದ್ದು ಎಷ್ಟು ಕಂತು ಅಂತ ಕಣ್ಣಿಗೇ ಕಾಣುತ್ತದೆ. ಒಂದೇ ಪ್ರೊಫೈಲ್‌ನಲ್ಲಿ ಮನೆಯವರೆಲ್ಲ ನೋಡುತ್ತಿದ್ದರೆ ಈ ಲೆಕ್ಕ ಯಾರದ್ದೂ ಆಗುವುದಿಲ್ಲ. ಮೊದಲು ನಿಮ್ಮ ಹೆಸರಿನಲ್ಲಿ ಒಂದು ಪ್ರೊಫೈಲ್ ಮಾಡಿಕೊಳ್ಳಿ.

ಯೂಟ್ಯೂಬಿನಲ್ಲಿ ಹಳೆಯದನ್ನು ನೋಡುವವರು ಇನ್ನೊಂದು ವಿಷಯ ತಿಳಿದಿರಬೇಕು. 2020ರ ನಂತರ ತೆರೆದ ಗೂಗಲ್ ಖಾತೆಗಳಲ್ಲಿ ಯೂಟ್ಯೂಬ್ ಇತಿಹಾಸ 36 ತಿಂಗಳಾದ ಮೇಲೆ ತಾನಾಗಿ ಅಳಿಸಿಹೋಗುವ ಹಾಗೆ ಮೊದಲೇ ಹೊಂದಿಸಿರುತ್ತಾರೆ. ಬೇಡ ಅನ್ನಿಸಿದರೆ ಖಾತೆಯ ಸೆಟ್ಟಿಂಗ್‌ನಲ್ಲಿ ‘ಆಟೋ ಡಿಲೀಟ್’ ಆಫ್ ಮಾಡಬಹುದು. ಗೂಗಲ್ ಟೇಕ್‌ಔಟ್ ಮೂಲಕ ಇಲ್ಲಿಯವರೆಗಿನದನ್ನು ಇಳಿಸಿಕೊಳ್ಳಲೂಬಹುದು.

ಇಷ್ಟೆಲ್ಲ ಹೇಳಿದ ಮೇಲೂ ನಾನು ಬಳಸುವುದು ಒಂದು 200 ಪುಟದ ನೋಟ್‌ಬುಕ್ ಮತ್ತು ಗೂಗಲ್ ಶೀಟ್. ನೋಟ್‌ಬುಕ್ ಶುರುವಾದದ್ದು 1998ರಲ್ಲಿ, ‘ಮಾಯಾಮೃಗ’ದ ದಿನಗಳಲ್ಲಿ. ಆಗ ಒಂದು ಕಂತಿಗೆ ಒಂದು ಗೆರೆ ಎಳೆಯುತ್ತಿದ್ದೆ. ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ಹಾಲಿನವರ ಲೆಕ್ಕ ಬರೆದ ಹಾಗೆಯೇ. ಈಗ ಶೀಟ್‌ನಲ್ಲಿ ಒಂದು ಸಾಲಿಗೆ ಧಾರಾವಾಹಿಯ ಹೆಸರು, ವರ್ಷ, ಚಾನೆಲ್, ನೋಡಿದ ಕಂತು, ಒಂದು ಕಂತಿನ ನಿಮಿಷ, ಎಷ್ಟನೇ ಸುತ್ತು, ಶುರು ಮಾಡಿದ ತಿಂಗಳು, ಮುಗಿಸಿದ ತಿಂಗಳು. ಪ್ರತಿ ಸುತ್ತಿಗೂ ಹೊಸ ಸಾಲು. ಕಂತನ್ನು ನಿಮಿಷದಿಂದ ಗುಣಿಸಿ 60ರಿಂದ ಭಾಗಿಸಿದರೆ ಗಂಟೆ. ಇದಕ್ಕಿಂತ ಜಾಸ್ತಿ ಕಾಲಂ ಮಾಡಿದವರೆಲ್ಲ ಎರಡು ತಿಂಗಳಲ್ಲಿ ಬಿಟ್ಟದ್ದನ್ನು ನೋಡಿದ್ದೇನೆ. ನಕ್ಷತ್ರ ಹಾಕಿ ಅಂಕ ಕೊಡುವುದೆಲ್ಲ ಬೇಡ. ಒಂದು ಕಾಲಂ ಮಾತ್ರ ಹೆಚ್ಚಿಗೆ ಇಡಿ, ‘ಯಾರ ಜೊತೆ’ ಅಂತ. ನನಗೆ ಆ ನೋಟ್‌ಬುಕ್ ತೆಗೆದಾಗ ಮೊದಲು ಕಣ್ಣು ಹೋಗುವುದೇ ಅಲ್ಲಿಗೆ.

ದಿನಾ ಬರೆಯಬೇಕಾಗಿಲ್ಲ. ದಿನದ ಧಾರಾವಾಹಿಯಾದರೆ ಭಾನುವಾರಕ್ಕೊಮ್ಮೆ, ‘ಈ ವಾರ ನಾಲ್ಕು’ ಅಂತ ಸೇರಿಸಿದರೆ ಸಾಕು. ತಿಂಗಳಿಗೊಮ್ಮೆ ಅಂದುಕೊಂಡರೆ ನೆನಪು ಕೈಕೊಡುತ್ತದೆ. ನಡುವೆ ಬಿಟ್ಟುಬಿಟ್ಟ ಧಾರಾವಾಹಿಗಳನ್ನೂ ಬರೆಯಿರಿ. 300 ಕಂತು ನೋಡಿ ಬಿಟ್ಟದ್ದು 100 ಗಂಟೆ. ಅದು ನೀವು ಏಳು ಸುತ್ತು ನೋಡಿದ ‘ಮಾಲ್ಗುಡಿ’ಯಷ್ಟೇ ಆಯಿತಲ್ಲ!

ಅಡುಗೆಮನೆಯ ಪ್ರಶ್ನೆಗೆ ಬರುತ್ತೇನೆ. ಕನ್ನಡ ಧಾರಾವಾಹಿಯನ್ನು ಅರ್ಧ ಕಣ್ಣಿನಲ್ಲಿ, ಅರ್ಧ ಕಿವಿಯಲ್ಲಿ ನೋಡಿದವರೇ ಜಾಸ್ತಿ. ಚಪಾತಿ ಲಟ್ಟಿಸುತ್ತಾ, ಸೊಪ್ಪು ಬಿಡಿಸುತ್ತಾ, ಮಾತು ಜೋರಾದಾಗ ಓಡಿ ಬಂದು ಬಾಗಿಲಲ್ಲಿ ನಿಂತು ನೋಡಿ ಮತ್ತೆ ಒಲೆಯ ಹತ್ತಿರ ಹೋದವರು. ಅದನ್ನು ‘ನೋಡಿಲ್ಲ’ ಅನ್ನುವುದು ಸರಿಯಲ್ಲ. ನನ್ನ ಅಳತೆ ಇಷ್ಟು: ಮಾರನೇ ದಿನ ಆ ಕಂತು ತಪ್ಪಿಸಿಕೊಂಡ ಯಾರಿಗಾದರೂ ನೀವು ಕಥೆ ಹೇಳಬಲ್ಲಿರಾ? ಹೇಳಬಲ್ಲಿರಾದರೆ ಅದು ಪೂರ್ತಿ ಒಂದು ಕಂತು. ಅರ್ಧ, ಕಾಲು ಅಂತೆಲ್ಲ ಬರೆಯಬೇಡಿ. ಸುಮ್ನೆ ಟಿವಿ ಓಡುತ್ತಿತ್ತು, ಏನು ನಡೆಯಿತು ಅಂತ ಗೊತ್ತಿಲ್ಲ ಅಂದರೆ ಎಣಿಸಬೇಡಿ. 2020ರ ಲಾಕ್‌ಡೌನ್‌ನಲ್ಲಿ ಚಿತ್ರೀಕರಣ ನಿಂತಾಗ ಚಾನೆಲ್‌ಗಳು ಹಳೆಯ ಕಂತುಗಳನ್ನೇ ಮತ್ತೆ ಹಾಕಿದವಲ್ಲ, ಅವಕ್ಕೂ ಇದೇ ಅಳತೆ. ಕೂತು ನೋಡಿದ್ದರೆ ಹೊಸ ಸುತ್ತಿನ ಸಾಲಿಗೆ ಬರೆಯಿರಿ. ಅಲ್ಲಿ ಎಷ್ಟು ಕಂತು ನೋಡಿದಿರೋ ಅಷ್ಟೇ ಬರೆಯಿರಿ, ಪೂರ್ತಿ ಸುತ್ತು ಅಂತ ಬರೆಯಬೇಡಿ.

ಇನ್ನು ಹಳೆಯ ಲೆಕ್ಕ. ಇದುವರೆಗೆ ಬರೆದಿಡದೇ ಇದ್ದದ್ದನ್ನು ಕಟ್ಟುವುದು ಹೇಗೆ? ತಾರೀಖು ನೆನಪಿಸಿಕೊಳ್ಳಲು ಹೋದರೆ ಬರುವುದಿಲ್ಲ. ಚಾನೆಲ್ ನೆನಪಿಸಿಕೊಳ್ಳಿ, ಅದು ತಾನಾಗಿ ತಾರೀಖು ಹೇಳುತ್ತದೆ. ‘ಉದಯದಲ್ಲಿ ನೋಡಿದ್ದು’ ಅಂದರೆ 1994ಕ್ಕಿಂತ ಹಿಂದಿನದಲ್ಲ. ‘ಈಟಿವಿಯಲ್ಲಿ’ ಅಂದರೆ 2000ದ ಕೊನೆಯಿಂದ 2015ರ ಒಳಗೆ, ಯಾಕೆಂದರೆ ಆ ವರ್ಷ ಈಟಿವಿ ಕನ್ನಡದ ಹೆಸರು ಕಲರ್ಸ್ ಕನ್ನಡ ಅಂತ ಬದಲಾಯಿತು. ಜೀ ಕನ್ನಡ ಅಂದರೆ 2006ರ ಈಚೆ, ಸುವರ್ಣ ಅಂದರೆ 2007ರ ಈಚೆ. ಇನ್ನೂ ಹಿಂದಕ್ಕೆ ಹೋದರೆ ದೂರದರ್ಶನ ಒಂದೇ. ಅಲ್ಲಿಗೆ ಎರಡು ಗಟ್ಟಿ ಕಂಬಗಳಿವೆ. ರಾಮಾನಂದ ಸಾಗರ್ ಅವರ ‘ರಾಮಾಯಣ’ 1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ, 78 ಕಂತು. ‘ಮಹಾಭಾರತ’ 1988ರ ಅಕ್ಟೋಬರ್ 2ರಿಂದ 1990ರ ಜೂನ್ 24ರವರೆಗೆ, 94 ಕಂತು. ಎರಡೂ ಭಾನುವಾರ ಬೆಳಗ್ಗೆ. ನಿಮ್ಮ ನೆನಪಿನ ಬೇರೆ ಯಾವುದನ್ನಾದರೂ ‘ಅದು ರಾಮಾಯಣಕ್ಕೆ ಮೊದಲೋ, ನಡುವೆಯೋ, ಆಮೇಲೋ’ ಅಂತ ಕೇಳಿಕೊಂಡರೆ ವರ್ಷ ಹತ್ತಿರ ಬರುತ್ತದೆ. ಅದೂ ಆಗದಿದ್ದರೆ ಆಗ ಯಾವ ಬಾಡಿಗೆ ಮನೆಯಲ್ಲಿ ಇದ್ದಿರಿ, ಟಿವಿ ಯಾವ ಗೋಡೆಗೆ ಇತ್ತು, ನೀವು ಎಷ್ಟನೇ ಕ್ಲಾಸು ಅಂತ ಯೋಚಿಸಿ. ಹಳೆಯ ದಿನಪತ್ರಿಕೆಗಳಲ್ಲಿ ಆ ದಿನದ ಟಿವಿ ಕಾರ್ಯಕ್ರಮಗಳ ಪಟ್ಟಿ ಬರುತ್ತಿತ್ತು. ದೊಡ್ಡ ಗ್ರಂಥಾಲಯಗಳಲ್ಲಿ ಹಳೆಯ ಸಂಪುಟಗಳನ್ನು ಕೇಳಿದರೆ ತೆಗೆದುಕೊಡುತ್ತಾರೆ.

ಹೀಗೆ ಅಂದಾಜಿನಲ್ಲಿ ಬಂದ ಸಂಖ್ಯೆಯ ಪಕ್ಕ ಒಂದು ‘ಅಂ’ ಹಾಕಿ. ಗೆರೆ ಎಳೆದು ಎಣಿಸಿದ್ದಕ್ಕೂ ನೆನಪಿನಿಂದ ಕಟ್ಟಿದ್ದಕ್ಕೂ ವ್ಯತ್ಯಾಸ ಕಾಣುತ್ತಿರಬೇಕು.

ಕೊನೆಗೆ ಅತ್ತೆಯವರದು. ನಿಜ ಹೇಳಬೇಕೆಂದರೆ ನೀವು ನಿಮ್ಮ ಪಟ್ಟಿಗಿಂತ ಮೊದಲು ಅವರದ್ದನ್ನು ಬರೆಯಬೇಕು ಅನ್ನುವುದು ನನ್ನ ಆಸೆ. ನಿಮ್ಮದು ಇನ್ನೊಂದು ವರ್ಷ ತಡವಾದರೂ ನಡೆಯುತ್ತದೆ. ಒಂದೇ ಸಲ ಕೂರಿಸಿ ಕೇಳಬೇಡಿ, ಪರೀಕ್ಷೆಯ ಹಾಗಾಗುತ್ತದೆ. ಸಂಜೆ ಅವರು ಟಿವಿ ಮುಂದೆ ಕೂತಾಗ ಜಾಹೀರಾತಿನ ನಡುವೆ ಒಂದು ಕೇಳಿ. ‘ಇದಕ್ಕೆ ಮೊದಲು ಈ ಟೈಮಿಗೆ ಏನು ಬರ್ತಿತ್ತು ಅತ್ತೆ?’ ಅಂತ. ಅದಕ್ಕೆ ಮೊದಲು? ಅದಕ್ಕೂ ಮೊದಲು? ಒಂದೇ ಹೊತ್ತಿನ ಜಾಗ ಹಿಡಿದುಕೊಂಡು ಹಿಂದೆ ಹಿಂದೆ ಹೋದರೆ ಹಿರಿಯರಿಗೆ ಚೆನ್ನಾಗಿ ನೆನಪಾಗುತ್ತದೆ. ನನ್ನ ಅಮ್ಮನ ಪಟ್ಟಿಯನ್ನು ನಾನು ಹೀಗೇ ಕಟ್ಟಿದ್ದು, ಮೂವತ್ತೊಂದು ಹೆಸರು ಸಿಕ್ಕಿತು. ಧಾರಾವಾಹಿಯ ಹೆಸರು ಹೇಳಲು ಆಗದಿದ್ದರೆ ಪಾತ್ರದ ಹೆಸರು ಬರೆದುಕೊಳ್ಳಿ, ‘ಆ ಅಳುಬುರುಕಿ ಸೊಸೆ’ ಅಂದರೂ ಹಾಗೇ ಬರೆಯಿರಿ, ಆಮೇಲೆ ಹುಡುಕಬಹುದು. ಅದೂ ಬಾರದಿದ್ದರೆ ಟೈಟಲ್ ಸಾಂಗ್ ಗುನುಗಲು ಹೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಹುಡುಕುವ ಕೆಲಸ ಅವಳಿಗಿರಲಿ.